ಹಾಲಮ್ಮಕ್ಕನ ಸೋಪಿನ ಇಂಗ್ಲಿಷ್

ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಪಿಜಿಯಲ್ಲಿ ಅಡುಗೆ ಮಾಡುವ ಹಾಲಮ್ಮಕ್ಕ ದಿನಾ ಬೆಳಗ್ಗೆ ಭದ್ರಾವತಿಯಿಂದ ಮೊದಲ ಬಸ್ಸಿಗೆ ಬರುತ್ತಾರೆ. ವಯಸ್ಸು ಐವತ್ತಾರು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡದಲ್ಲಿ. ಹೀಗಿದ್ದೂ ಇಂಗ್ಲಿಷ್ ಪದದ ಆಟದಲ್ಲಿ ಅವರು ನಮ್ಮನ್ನೆಲ್ಲ ಸೋಲಿಸಿದರು ಅಂದರೆ ಊರಿನಲ್ಲಿ ನನ್ನ ಅಪ್ಪ ಈಗಲೂ ನಂಬುವುದಿಲ್ಲ.

ಆವತ್ತು ಭಾನುವಾರ. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಆಟಕ್ಕೆ ನಾನು, ಪಿಜಿಯ ಗೆಳತಿಯರಾದ ಚೈತನ್ಯಾ, ಸಿರಿ ಕೂತಿದ್ದೆವು. ವಾಣಿ ಊರಿಗೆ ಹೋಗಿದ್ದರಿಂದ ಒಂದು ಕೈ ಕಮ್ಮಿ. ಹುರುಳಿಕಾಯಿ ಬಿಡಿಸುತ್ತಿದ್ದ ಹಾಲಮ್ಮಕ್ಕನನ್ನು ತಮಾಷೆಗೆ ಕರೆದೆ.

"ನಂಗೆಲ್ಲಿ ಬರುತ್ತೆ ಮಾರಾಯ್ತಿ ಇಂಗ್ಲಿಷು?" ಅಂದರು. "ಅಕ್ಷರ ಗೊತ್ತು, ಅಷ್ಟೇ."

ಅಕ್ಷರ ಗೊತ್ತಾಗಿದ್ದಕ್ಕೂ ಕಾರಣವಿತ್ತು. ಭದ್ರಾವತಿಯಲ್ಲಿ ತಮಿಳರೊಬ್ಬರ ದಿನಸಿ ಅಂಗಡಿಯಲ್ಲಿ ಅವರು ಹದಿನೆಂಟು ವರ್ಷ ಸಾಮಾನು ಜೋಡಿಸಿದ್ದರು. ಸಾಹುಕಾರರಿಗೆ ಕನ್ನಡ ಬರೆಯಲು ಬಾರದು, ಬೇಕಾದ ಸಾಮಾನನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದರು. ಇವರು ಒಂದೊಂದೇ ಅಕ್ಷರ ಹೋಲಿಸಿ ಪ್ಯಾಕೆಟ್ ಹುಡುಕಿ ತರುತ್ತಿದ್ದರು. ಹಾಗಾಗಿ ಯಾವ ಪ್ಯಾಕೆಟ್ಟಿನ ಮೇಲೆ ಯಾವ ಅಕ್ಷರ ಇದೆ ಅನ್ನುವುದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಕೈ ಒರೆಸಿಕೊಂಡು ಬಂದು ಕೂತರು. ನಾವು ತಿಣುಕಾಡಿ 'ಕ್ಯಾಟ್', 'ರನ್' ಎಂದೆಲ್ಲ ಇಡುತ್ತಿದ್ದರೆ, ಇವರು ಹಲಗೆಯ ಮೇಲಿದ್ದ ಯು ಅಕ್ಷರದ ಆಚೆ ಈಚೆ ಒಂದು ಎಲ್, ಒಂದು ಎಕ್ಸ್ ಇಟ್ಟರು. ಲಕ್ಸ್.

"ಅಕ್ಕಾ, ಅದು ಸೋಪು!" ಚೈತನ್ಯಾ ಕಿರುಚಿದಳು. "ಕಂಪನಿ ಹೆಸರು ನಡೆಯಲ್ಲ."

"ಸೋಪಾದ್ರೆ ಏನು, ಬರೆದಿರೋದು ಇಂಗ್ಲಿಷಲ್ಲೇ ಅಲ್ವಾ?"

ಜಗಳ ನಮ್ಮ ಪಿಜಿಯ ಒಡತಿ ಭವಾನಿ ಮೇಡಂ ಹತ್ತಿರ ಹೋಯಿತು. ಮೇಡಂ ನಿವೃತ್ತ ಇಂಗ್ಲಿಷ್ ಲೆಕ್ಚರರ್. ಕನ್ನಡಕ ಏರಿಸಿ ನಿಘಂಟು ತೆಗೆದರು, ಓದಿದರು, ಇನ್ನೊಂದು ಸಲ ಓದಿದರು.

"ಇದೆ ಕಣ್ರೇ. ಬೆಳಕನ್ನ ಅಳೆಯೋ ಮಾನ."

ಆಮೇಲೆ ಹಾಲಮ್ಮಕ್ಕನನ್ನು ಹಿಡಿಯುವವರೇ ಇರಲಿಲ್ಲ. ವಿಮ್ ಇಟ್ಟರು, ನಿಘಂಟಿನಲ್ಲಿ ಹುರುಪು ಅಂತಿತ್ತು. ಸರ್ಫ್ ಇಟ್ಟರು, ಟೈಡ್ ಇಟ್ಟರು, ವೀಲ್ ಇಟ್ಟರು. ಪ್ರತಿ ಸಲ ಚೈತನ್ಯಾ ಮೇಡಂ ರೂಮಿಗೆ ಓಡುತ್ತಿದ್ದಳು, ಪ್ರತಿ ಸಲ ಮುಖ ಸಣ್ಣಗೆ ಮಾಡಿಕೊಂಡು ವಾಪಸ್ ಬರುತ್ತಿದ್ದಳು. ಎಮ್ಮೆಸ್ಸಿ ಓದುವ ಹುಡುಗಿ, ಪಾಪ, ಬಟ್ಟೆ ಪಾತ್ರೆ ತೊಳೆಯುವ ಪುಡಿಗಳ ಕೈಲಿ ಸೋತಳು. ಹುರುಳಿಕಾಯಿ ಪಲ್ಯ ಆ ದಿನ ಆಗಲೇ ಇಲ್ಲ.

ಮುಂದಿನ ತಿಂಗಳು ಶಿವಮೊಗ್ಗದ ಒಂದು ಮಹಿಳಾ ಸಂಘ ಪದ ಹುಡುಕುವ ಸ್ಪರ್ಧೆ ಇಟ್ಟಿತು. ಇಬ್ಬಿಬ್ಬರ ತಂಡ. ಚೀಟಿಯಲ್ಲಿ ಬಂದ ಅಕ್ಷರಗಳೆಲ್ಲ ಇರುವ ಇಂಗ್ಲಿಷ್ ಪದವನ್ನು ಮೊದಲು ಗಂಟೆ ಒತ್ತಿದವರು ಹೇಳಬೇಕು. ನಾನು ಹಾಲಮ್ಮಕ್ಕನ ಹೆಸರೂ ಕೊಟ್ಟುಬಂದೆ. ಅವರು ಬೈದರು. ಆದರೂ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಬಂದರು.

ತೀರ್ಪುಗಾರರು ಶಂಕರನಾರಾಯಣ ಅಂತ, ನಿವೃತ್ತ ಹೆಡ್‌ಮಾಸ್ಟರು. ಎಸ್ ಮತ್ತು ಎಫ್ ಬಂತು, ಹಾಲಮ್ಮಕ್ಕ ಗಂಟೆ ಒತ್ತಿ "ಸರ್ಫ್" ಅಂದರು. ಡಬ್ಲ್ಯೂ ಮತ್ತು ಎಚ್‌ಗೆ "ವೀಲ್". ಉಳಿದವು ನನ್ನ ಪಾಲಿಗೆ ಬಂದವು. ಹೇಗೋ ಫೈನಲ್ ತಲುಪಿದೆವು. ಎದುರಿಗೆ ಕಾಲೇಜಿನ ಇಬ್ಬರು ಹುಡುಗಿಯರು, ಅಂಕ ಸಮ ಸಮ.

ಕೊನೆಯ ಚೀಟಿ: ಎಚ್, ಆರ್, ಪಿ.

ನಾನು ಯೋಚಿಸುವಷ್ಟರಲ್ಲಿ ಗಂಟೆ ಬಡಿಯಿತು. "ಹಾರ್ಪಿಕ್!" ಹಾಲಮ್ಮಕ್ಕ ಅಕ್ಷರ ಅಕ್ಷರ ಬಿಡಿಸಿ ಹೇಳಿದರು.

ಸಭೆ ಗೊಳ್ಳೆಂದಿತು. ಶಂಕರನಾರಾಯಣರು ಮೈಕಿನಲ್ಲೇ, "ಅದು ಪಾಯಿಖಾನೆ ತೊಳೆಯೋದಲ್ವೇನಮ್ಮ?" ಅಂದರು.

"ಹೌದು ಸಾರ್. ನಿಮ್ಮನೇಲಿ ಇಲ್ವಾ?"

"ಇದೆ."

"ಬಾಟ್ಲಿ ಮೇಲೆ ಕನ್ನಡದಲ್ಲಿ ಬರೆದಿದ್ಯಾ?"

ಮೇಷ್ಟ್ರು, ಇದು ನಿಘಂಟಿನಲ್ಲಿ ಇಲ್ಲ, ಹಾಗಾಗಿ ಒಪ್ಪಲು ಬರುವುದಿಲ್ಲ ಎಂದರು. ಎದುರಿನ ಹುಡುಗಿಯರು "ಶಾರ್ಪ್" ಎಂದು ಗೆದ್ದರು. ನಮಗೆ ಎರಡನೇ ಬಹುಮಾನ, ಎರಡು ಸ್ಟೀಲ್ ಡಬ್ಬಿ.

ವಾಪಸ್ ಬರುವಾಗ ಆಟೋದಲ್ಲಿ ಹಾಲಮ್ಮಕ್ಕ ಹೊರಗೆ ಅಂಗಡಿಗಳ ಬೋರ್ಡು ನೋಡುತ್ತ ಕೂತಿದ್ದರು. ಜನ ನಕ್ಕಿದ್ದಕ್ಕೆ ಬೇಜಾರಾಗಿರಬೇಕು ಅಂದುಕೊಂಡೆ. ಪಿಜಿ ಹತ್ತಿರ ಬಂದಾಗ ಕೇಳಿದರು, "ಅನುಷಮ್ಮ, ಲಕ್ಸ್ ಅಂದ್ರೆ ಬೆಳಕಿಂದು ಅಂದ್ರು ಮೇಡಂ. ಟೈಡ್ ಅಂದ್ರೆ ಏನು?"

"ಸಮುದ್ರದ ನೀರು ಏರೋದು, ಇಳಿಯೋದು ಅಕ್ಕ."

"ಏರೋದು ಅಂದ್ರೆ? ಹಾಲು ಉಕ್ಕಿದ ಹಾಗಾ?"

"ಹಾಗೇ ಅಂದ್ಕೊಳ್ಳಿ. ದಿನಾ ಏರುತ್ತೆ, ತಾನಾಗೇ ಇಳಿಯುತ್ತೆ."

ಅವರು ಸಮುದ್ರ ನೋಡಿದವರಲ್ಲ. ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹದಿನೆಂಟು ವರ್ಷ ಅಂಗಡೀಲಿ ಆ ಪ್ಯಾಕೆಟ್ನ ಮೇಲಿನ ಹಲಗೆಗೆ ಜೋಡಿಸಿದೀನಿ. ಅರ್ಥ ಒಬ್ರೂ ಹೇಳ್ಲಿಲ್ಲ ನೋಡು," ಅಂದರು. ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಅಂತ ನನಗೆ ಗೊತ್ತಾಗಲಿಲ್ಲ.

ಮರುದಿನದಿಂದ ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಗಂಟೆ ಭವಾನಿ ಮೇಡಂ ಎದುರು ಕೂರತೊಡಗಿದರು. ಮೇಡಂ ಅರ್ಥ ಹೇಳುತ್ತಾರೆ, ಇವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಆರು ತಿಂಗಳಲ್ಲಿ ಇನ್ನೂರು ಪದಗಳಾಗಿವೆ.

ವಿಚಿತ್ರವೆಂದರೆ ಆಟದಲ್ಲಿ ಈಗ ಅವರು ಸೋಲುತ್ತಾರೆ. ಬಿಲ್ಲೆ ಕೈಲಿ ಹಿಡಿದು ಯೋಚಿಸುತ್ತ ಕೂತುಬಿಡುತ್ತಾರೆ. ಹೋದ ಭಾನುವಾರ ಚೈತನ್ಯಾ, "ಬೇಗ ಇಡಿ ಅಕ್ಕ, ಸಾರು ಕುದೀತಾ ಇದೆ," ಅಂದಾಗ ರೇಗಿದರು.

"ಇರು ಮಾರಾಯ್ತಿ. ಮೊದಲು ಬರೀ ಸೋಪಿನ ಹೆಸರು ಅಂತ ಇಡ್ತಿದ್ದೆ. ಈಗ ಅರ್ಥ ಇದೆ, ನೋಡಿ ಇಡ್ಬೇಕು."

ಚೈತನ್ಯಾ ಎದ್ದು ಹೋಗಿ ಗ್ಯಾಸ್ ಸಣ್ಣಗೆ ಮಾಡಿ ಬಂದಳು.