ಅಂಗೈಯೂ ಹಡಗೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಈಜು ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ನೀರೆತ್ತುವ ಪಂಪು ಮಾರಿ, ರಿಪೇರಿ ಮಾಡಿಯೇ ಬದುಕಿದವನು ನಾನು. ಹತ್ತಿರದ ಸುಳ್ಳ ಊರಿನ ಕಡೆ ನಾನು ಪಂಪು ಇಳಿಸದ ಬೋರವೆಲ್ಲು ಕಡಿಮೆ. ಆದರೆ ನೀರು ಪೈಪಿನೊಳಗೆ ಇದ್ದಷ್ಟು ಹೊತ್ತು ಮಾತ್ರ ನನಗೂ ಅದಕ್ಕೂ ಸ್ನೇಹ.

ಹೆಚ್ಚು ಪಂಪು ಮಾರಿದವರನ್ನು ಕಂಪನಿಯವರು ಪ್ರವಾಸಕ್ಕೆ ಕಳಿಸುತ್ತಾರೆ. ಈ ಸಲ ತುರ್ಕಿ ದೇಶದ ದಂಡೆಗುಂಟ ಐದು ದಿನ ಸಣ್ಣ ಹಡಗಿನಲ್ಲಿ ಎಂದರು. ದೊಡ್ಡ ಹಡಗು ಹೋಗದ ಹಳೆಯ ಬಂದರುಗಳಿಗೆಲ್ಲ ಸಣ್ಣದು ಹೋಗುತ್ತದಂತೆ. ಹಡಗು ಸಣ್ಣದಾದರೆ ಸಣ್ಣ ತೆರೆಯೂ ಅದನ್ನು ಅಲುಗಾಡಿಸುತ್ತದಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇದೊಂದು ರೋಗ, ಪ್ರಶ್ನೆ ಕೇಳಿದರೆ ಓದು ಎಷ್ಟೆಂದು ಗೊತ್ತಾಗಿಬಿಡುತ್ತದೆಂಬ ಅಂಜಿಕೆ. ನನ್ನ ಓದೆಲ್ಲ ಕೈಯಲ್ಲಿದೆ. ಓಡುವ ಮೋಟಾರಿನ ಮೇಲೆ ಅಂಗೈ ಇಟ್ಟರೆ ಯಾವ ಬೇರಿಂಗು ಹೋಗಿದೆಯೆಂದು ಹೇಳಬಲ್ಲೆ. ಆ ಜಂಬ ನನಗಿದೆ, ಇರಲಿ.

ನನ್ನ ನಿಜವಾದ ಚಿಂತೆ ಮುಳುಗುವುದಲ್ಲ. ಪೂಜೆಯದು. ನಮ್ಮ ಮನೆಯಲ್ಲಿ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ನೀರೆರೆದು ಪೂಜಿಸದೆ ಯಾರೂ ತುತ್ತು ಮುಟ್ಟುವುದಿಲ್ಲ. ಲಿಂಗ ಅಂಗೈಯಿಂದ ಜಾರಿದರೆ ಏನು ಎಂಬ ಮಾತನ್ನು ಬಾಯಿಬಿಟ್ಟು ಆಡಲೂ ಹೆದರುತ್ತಾರೆ. ನೆಲವೇ ತೂಗುವ ಕಡೆ ಅಂಗೈ ನೆಟ್ಟಗೆ ಹೇಗೆ ಹಿಡಿಯಲಿ?

ಮೊದಲ ಮುಂಜಾನೆ ಗಾಳಿ ಜೋರಿತ್ತು. ಪಂಪು ಕೂರಿಸುವಾಗ ಬುನಾದಿ ಗಟ್ಟಿಯಿರಬೇಕು, ಬೋಲ್ಟು ಸಡಿಲಿದ್ದರೆ ಯಂತ್ರವೆಲ್ಲ ನಡುಗುತ್ತದೆ. ಅದೇ ಲೆಕ್ಕ ಹಿಡಿದು ಕೋಣೆಯ ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ ಸೇರಿಕೊಂಡೆ. ಎರಡೂ ಬದಿಗೆ ದಿಂಬು ತುರುಕಿ, ಬೆನ್ನನ್ನು ಗೋಡೆಗೆ ಒತ್ತಿ ಕೂತೆ. ಲಿಂಗ ಅಂಗೈಗೆ ಬಂತು. ಹಡಗು ಒಂದು ಸಲ ವಾಲಿತು, ಎರೆದ ನೀರು ತೊಡೆಯ ಮೇಲೆ ಚೆಲ್ಲಿತು, ಲಿಂಗ ಬೆರಳಿನ ಬುಡದವರೆಗೆ ಸರಿಯಿತು. ಮುಷ್ಟಿ ಕಟ್ಟಿಬಿಟ್ಟೆ. ಪೂಜೆ ಅರ್ಧಕ್ಕೇ ಬಿಟ್ಟು ಲಿಂಗವನ್ನು ಕರಡಿಗೆಯಲ್ಲಿಟ್ಟೆ.

ನನ್ನ ಹೆಂಡತಿ ಗಿರಿಜಾ ತನ್ನ ಪೂಜೆ ಮುಗಿಸಿ, ನಾಷ್ಟಾ ತಿಂದು ಬಂದಿದ್ದಳು.

"ಏನ್ರಿ, ಇನ್ನೂ ಪೂಜಿ ಆಗಿಲ್ಲೇನು?"

"ಹಡಗ ನಿಂತ ಮ್ಯಾಲೆ ಮಾಡತೇನಿ."

"ನಮ್ಮ ಮನಿಯವ್ರು ಉಪವಾಸ ಅದಾರ, ತಟಗ ನಿಂದರಸ್ರಿ ಅಂತ ಕ್ಯಾಪ್ಟನ್‌ಗ ಹೇಳಿ ಬರ್ಲೇನು?"

"ನೀ ಚ್ಯಾಷ್ಟಿ ಮಾಡಬ್ಯಾಡ."

ಹಡಗು ನಿಂತದ್ದು ಮಧ್ಯಾಹ್ನ. ಅಲ್ಲಿಯವರೆಗೆ ಬರೀ ಹೊಟ್ಟೆ. ನಾನು ಅವಸರದಲ್ಲಿ ಪೂಜೆ ಮುಗಿಸಿ ಉಂಡ ಮೇಲೆ ದಂಡೆಗಿಳಿದು ಹಾಳು ಪಟ್ಟಣವೊಂದನ್ನು ನೋಡಿದೆವು. ಉಳಿದ ಡೀಲರುಗಳು ಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಹಾದಿಯ ಬದಿ ಮಂಡಿಯೂರಿದ್ದೆ. ಒಂದರ ಬಾಯಲ್ಲಿ ಇನ್ನೊಂದನ್ನು ಕೂರಿಸಿದ ಮಣ್ಣಿನ ಪೈಪುಗಳು, ಸಂದಿಗೆ ಸುಣ್ಣ, ಎಲ್ಲಿಯೂ ತಪ್ಪದ ಇಳಿಜಾರು. ಎಷ್ಟೋ ಶತಮಾನದ ಹಿಂದೆ ಸತ್ತ ಆ ಮೇಸ್ತ್ರಿಗೆ ಮನಸ್ಸಿನಲ್ಲೇ ಶರಣು ಎಂದೆ. ಗೈಡು ಇಂಗ್ಲಿಷಿನಲ್ಲಿ ಏನೋ ಹೇಳಿದ. ಹತ್ತನೇ ಇಯತ್ತೆ ಪಾಸಾದ ಗಿರಿಜಾ ನನಗೆ ಬಿಡಿಸಿ ಹೇಳಿದಳು. ನದಿ ತಂದ ಹೂಳು ಬಂದರನ್ನು ತುಂಬಿತು, ಸಮುದ್ರ ದೂರ ಸರಿಯಿತು, ಹಡಗುಗಳು ಬರದೆ ಊರು ಖಾಲಿಯಾಯಿತು. ವರ್ಷಕ್ಕೆ ಬೆರಳಷ್ಟು ಹೂಳು ಬಿದ್ದರೆ ಯಾರಿಗೆ ಕಾಣುತ್ತದೆ? ಹೂಳು ತೆಗೆಯುವವರು ಒಬ್ಬರೂ ಇರಲಿಲ್ಲವೇ ಎಂದು ಆ ಊರಿನವರ ಮೇಲೆ ನನಗೆ ಸಿಟ್ಟು ಬಂತು.

ಮರುದಿನ ಗಿರಿಜಾ ನನ್ನ ಸಂದಿಯನ್ನು ಪರೀಕ್ಷಿಸಿದಳು.

"ನೀವು ಪಂಪ್ ಕುಂದರಿಸಿದಂಗ ಕುಂತೀರಿ. ಅದಕ್ಕ ಹಡಗ ಅಲುಗಾಡಿದ್ದೆಲ್ಲಾ ನಿಮ್ಮ ಕೈಗೆ ಬರತೈತಿ. ದಿಂಬು ತಗೀರಿ. ನಡುಮಧ್ಯ ಸಡ್ಲ ಕುಂದರ್ರಿ, ಹಡಗ ಈ ಕಡೆ ವಾಲಿದ್ರ ನೀವು ಆ ಕಡೆ ವಾಲ್ರಿ."

ಮೂವತ್ತು ವರ್ಷದ ಅನುಭವಕ್ಕೆ ಇದು ಅವಮಾನ. ಹಸಿವಿನ ಭಯಕ್ಕೆ ಒಪ್ಪಿದೆ. ಆಕೆ ಹೇಳಿದ್ದು ಖರೇ ಆಯಿತು. ಹಡಗು ಈ ಕಡೆ ವಾಲಿದರೆ ಮೈ ಆ ಕಡೆ ಹೋಗಿ, ಅಂಗೈ ನಡುವೆ ನಿಂತಿತು. ಆದರೂ ಅಂಗೈಯ ನೀರಿನಲ್ಲಿ ಸಣ್ಣ ನಡುಕವೊಂದು ಉಳಿದೇ ಇತ್ತು. ಹಡಗಿನ ವಾಲಾಟ ತೊಟ್ಟಿಲಿನಂತೆ ನಿಧಾನ, ಇದು ಚುರುಕು. ಎಂಜಿನ್ನಿನದು ಎಂದು ತೀರ್ಮಾನಿಸಿದೆ. ಮೂರನೇ ದಿನವೂ ಹಾಗೇ ಇತ್ತು, ನಾಲ್ಕನೇ ದಿನವೂ. ಬುನಾದಿ ಬೋಲ್ಟು ನೋಡಿಕೊಳ್ಳಿ ಎಂದು ಕ್ಯಾಪ್ಟನ್ನನಿಗೆ ಗಿರಿಜಾಳಿಂದ ಹೇಳಿಸಿದೆ. ಆತ ನಕ್ಕು ಕೈಮುಗಿದ. ಹೊರದೇಶದ ಮಿಸ್ತ್ರಿಗಳೂ ನಮ್ಮವರಂತೆಯೇ ತಪ್ಪು ಒಪ್ಪುವುದಿಲ್ಲ ಎಂದುಕೊಂಡೆ.

ಕೊನೆಯ ಮುಂಜಾನೆ ಹಡಗನ್ನು ಬಂದರಿನ ಕಲ್ಲಿಗೆ ಕಟ್ಟಿದ್ದರು. ಗಾಳಿಯಿಲ್ಲ, ತೆರೆಯಿಲ್ಲ, ಎಂಜಿನ್ನು ಬಂದಾಗಿತ್ತು. ಇವತ್ತು ನಿಶ್ಚಿಂತೆಯಿಂದ ಪೂಜೆ ಎಂದು ಲಿಂಗ ಅಂಗೈಗಿಟ್ಟು ನೀರೆರೆದೆ.

ನೀರು ನಡುಗುತ್ತಿತ್ತು.

ಎಲ್ಲ ಬಂದ್ ಮಾಡಿದ ಮೇಲೂ ನಡುಕ ಉಳಿದರೆ ಅದು ಎಲ್ಲಿಯದು ಎಂದು ಪಂಪಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈ ಬಿಗಿ ಮಾಡಿದೆ, ಇನ್ನೂ ಜೋರಾಯಿತು. ಲಿಂಗ ಮಿಸುಕಿತು. ಐದು ದಿನ ಸಮುದ್ರದ ಮೇಲೂ ಎಂಜಿನ್ನಿನ ಮೇಲೂ ಹೊರಿಸಿದ ನಡುಕ ನನ್ನ ತೋಳಿನೊಳಗೇ ಇತ್ತು. ಆಗ ಗಿರಿಜಾ ಪಕ್ಕದಲ್ಲಿ ಬಂದು ಕೂತು, ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟಳು. ನೀರು ನಿಂತಿತು. ಹಾಗೆಯೇ ಪೂಜೆ ಮುಗಿಸಿದೆ.

"ಯಾವಾಗಿಂದ ಐತಿ ಇದು?" ಎಂದೆ.

"ಒಂದ್ ವರ್ಷ ಆತ್ರಿ. ನಿಮ್ಮ ಚಾ ಅರ್ಧಾ ಕಪ್ ಯಾಕ ಬರತೈತಿ ಅಂತ ಒಮ್ಮಿಯರ ಕೇಳೀರೇನು?"

"ನೀ ಹಾಲು ಉಳಸಾಕತ್ತೀ ಅನ್ಕೊಂಡಿದ್ದೆ. ಹೇಳಬಾರದೇನು ನನಗ?"

"ಹೇಳಿದ್ರ ಅಂಗಡ್ಯಾಗ ಎಲ್ಲಾರ ಮುಂದ ತುಂಬಿದ ಕಪ್ ಎತ್ತಿ ತೋರಸಾಕ ಹೋಗ್ತಿದ್ರಿ. ಅಂಗಿ ಯಾರು ಒಗೀಬೇಕು?"

ಊರಿಗೆ ಬಂದು ಡಾಕ್ಟರಿಗೆ ತೋರಿಸಿದೆ. ವಯಸ್ಸಿನದು, ಅಂಜಬೇಡಿ ಎಂದರು. ಅಂಜುವುದನ್ನು ಅಷ್ಟು ಲಗೂ ಬಿಡಲಾಗುವುದೇ? ಆದರೆ ಪೂಜೆ ತಪ್ಪಿಲ್ಲ. ದಿನಾ ಮುಂಜಾನೆ ಆಕೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಚಹಾ ಈಗಲೂ ಅರ್ಧ ಕಪ್ಪೇ ಬರುತ್ತದೆ. ಕುಡಿದು ಮುಗಿಸಿ, ಇನ್ನರ್ಧ ಕೊಡು ಎಂದು ಬಾಯಿಬಿಟ್ಟು ಕೇಳುವುದನ್ನು ಕಲಿತಿದ್ದೇನೆ.