ಒರೆಸಿದರೂ ಹೋಗದ ಉತ್ತರ

ಒದ್ದೆ ಬಟ್ಟೆಯಿಂದ ಉಜ್ಜಿದೆ, ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ವೈಟ್‌ಬೋರ್ಡಿನ ಮೇಲೆ ನಾನು ಬರೆದ ತಪ್ಪು ಪ್ರೋಗ್ರಾಂ ಜಪ್ಪಯ್ಯ ಎಂದರೂ ಹೋಗಲಿಲ್ಲ. ಶಿರಸಿಯ ಅಡಿಕೆ ಮಂಡಿಯ ಮಹಡಿಯಲ್ಲಿದ್ದ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ನನ್ನ ಸಂದರ್ಶನ ನಡೆದಿತ್ತು. ಮಾಲೀಕರು ಬರೆಯಲು ಕೊಟ್ಟಿದ್ದು ಕೆಳಗೆ ಅಡಿಕೆ ಚೀಲಗಳಿಗೆ ನಂಬರ್ ಹಾಕುವ ಪೆನ್ನು!

"ಇರ್ಲಿ ಬಿಡು ತಂಗಿ, ಮುಂದೆ ಬಪ್ಪವ್ಕೆ ಇದೇ ಪ್ರಶ್ನೆ ಆತು" ಎಂದರು ಅವರು.

ಅಂದು ಬೇರೆ ಯಾರೂ ಬಂದಿರದ ಕಾರಣ ನನಗೆ ಕೆಲಸವೇನೋ ಸಿಕ್ಕಿತು. ಆದರೆ ಆಮೇಲೆ ಸಂದರ್ಶನಕ್ಕೆ ಬಂದವರಿಗೆಲ್ಲ ಒಂದೇ ಪರೀಕ್ಷೆ: ಬೋರ್ಡಿನಲ್ಲಿರುವ ತಪ್ಪು ಹುಡುಕಿ. ನಾನು ಮಾಡಿದ್ದು ಒಂದೇ ತಪ್ಪು ಅಂದುಕೊಂಡಿದ್ದೆ. ಬಂದ ಪುಣ್ಯಾತ್ಮರೆಲ್ಲ ಒಂದೊಂದು ಹೊಸದು ತೋರಿಸಿ ಹೋದರು. ಕಿರವತ್ತಿಯಿಂದ ಬಂದವನಂತೂ ಬೋರ್ಡ್ ನೋಡಿ ನಕ್ಕು, "ಇದನ್ನ ಬರೆದವ್ರಿಗೂ ಕೆಲಸ ಕೊಟ್ರೇನ್ರಿ ಸರ್?" ಎಂದು ಕೇಳಿದ. ಮಾಲೀಕರು ಅದೇ ಪೆನ್ನಿನಿಂದ ನನ್ನತ್ತ ತೋರಿಸಿದರು. ಅವನಿಗೂ ಕೆಲಸ ಕೊಟ್ಟು ನನ್ನ ಪಕ್ಕದಲ್ಲೇ ಕೂರಿಸಿದರು.

ಮುಂದೆ ಕಚೇರಿ ಮುಚ್ಚಿತು, ಕಂಪ್ಯೂಟರುಗಳು ಫ್ಲಾಪಿಗಳ ಸಮೇತ ಗುಜರಿಗೆ ಹೋದವು; ನಾನು ಬರೆದ ಸರಿಯಾದ ಪ್ರೋಗ್ರಾಂ ಒಂದೂ ಉಳಿಯಲಿಲ್ಲ. ಬೋರ್ಡ್ ಮಾತ್ರ ಈಗ ಕೆಳಗಿನ ಮಂಡಿಯಲ್ಲಿ ನೇತಾಡುತ್ತಿದೆ. ಅದರ ಮೇಲೆ ಬರೆಯುವ ದಿನದ ಅಡಿಕೆ ದರದ ಹಿಂದೆ ನನ್ನ ತಪ್ಪನ್ನು ಇಡೀ ಶಿರಸಿ ಓದುತ್ತಿದೆ.