ಕಂಬಕ್ಕೆ ಸುತ್ತಿದ ಚೀನಾ ಕಾರ್ಪೆಟ್

ಕತಾರ್‌ನಲ್ಲಿ, ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ವಿಲ್ಲಾದಲ್ಲಿ ನಾನು ಹೋಮ್ ನರ್ಸ್ ಆಗಿದ್ದೆ. ನೋಡಿಕೊಳ್ಳಬೇಕಾಗಿದ್ದದ್ದು ತೊಂಬತ್ತರ ಹತ್ತಿರದ ಒಬ್ಬ ಕತಾರಿ ಅಜ್ಜಿಯನ್ನು. ಅವರ ಮಂಚದ ಎದುರಿನ ಗೋಡೆಗೆ ಮಗ ಹಳೆಯದೊಂದು ಚೀನಾ ಕಾರ್ಪೆಟ್ ತೂಗುಹಾಕಿಸಿದ್ದರು. ಮಾಸಿದ ಹಳದಿಯ ಮೇಲೆ ನೀಲಿ ಡ್ರ್ಯಾಗನ್. ಆದರೆ ಅದರ ಮೈ ಇಡಿಯಾಗಿರಲಿಲ್ಲ. ಬಲ ಅಂಚಿಗೆ ಬಂದು ಕಡಿದುಹೋಗಿ, ಎಡ ಅಂಚಿನಿಂದ ಮತ್ತೆ ಶುರುವಾಗುತ್ತಿತ್ತು. ಬಾಯಿಯ ಮುಂದೆ ಒಂದು ಮುತ್ತು, ಕೆಳಗೆ ಸಾಲುಸಾಲು ಅಲೆ.

ಮಧ್ಯಾಹ್ನ ಪರದೆ ಎಳೆದರೆ ಬಣ್ಣವೆಲ್ಲ ಮುಳುಗಿ ಅದರ ಕಣ್ಣು ಮಾತ್ರ ಉಳಿಯುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಬಿಪಿ ನೋಡುವಾಗ ನನ್ನ ಹಿಂದೆ ಯಾರೋ ನಿಂತ ಹಾಗೆ ಆಗುತ್ತಿತ್ತು. ಅಜ್ಜಿ ಅದರ ಜೊತೆ ಮಾತಾಡುತ್ತಿದ್ದರು, ಜ್ವರ ಬಂದ ಮಗುವನ್ನು ಸಮಾಧಾನಪಡಿಸುವ ದನಿಯಲ್ಲಿ.

"ಯಾರ ಹತ್ತಿರ ಮಾತಾಡ್ತೀರಿ, ಯುಮ್ಮಾ?" ಎಂದು ಒಮ್ಮೆ ಕೇಳಿದೆ. ಮನೆಯವರಂತೆ ನಾನೂ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆ.

"ಅಪ್ಪನ ಹತ್ತಿರ," ಎಂದರು ತಮ್ಮ ಹರುಕುಮುರುಕು ಹಿಂದಿಯಲ್ಲಿ. "ಮುತ್ತು ತರಲಿಕ್ಕೆ ಸಮುದ್ರಕ್ಕೆ ಇಳಿದರು. ಎಳೆದಾಗ ಬರೀ ಹಗ್ಗ ಬಂತು. ನೋಡು, ಮುತ್ತು ಎದುರಿಗೇ ಇದೆ. ಮೈ ತುಂಡಾದವರು ಹೇಗೆ ಹಿಡೀತಾರೆ?"

ಸತ್ತವರಿಗಾಗಿ ಮಾಡುವ ಮಯ್ಯತ್ ನಮಾಜ್ ಕೂಡ ಆ ಅಪ್ಪನಿಗೆ ಆಗಿರಲಿಲ್ಲ. ದೇಹವೇ ಸಿಗದೆ ಸತ್ತರೆಂದು ಹೇಗೆ ಒಪ್ಪುವುದೆಂದು ಮೊದಲು ಅಜ್ಜಿಯ ತಾಯಿ ಬಿಡಲಿಲ್ಲ, ಆಮೇಲೆ ಅಜ್ಜಿ ಬಿಡಲಿಲ್ಲ.

ಮಗನಿಗೆ ಹೇಳಿದೆ. ಗಾಬರಿಯಾಗಿ ಕಾರ್ಪೆಟ್ ಇಳಿಸಲು ಬಂದರು. ಅಜ್ಜಿ ಮಂಚದಿಂದ ಬೀಳುವಷ್ಟು ಮುಂದೆ ಬಾಗಿ, "ತೆಗೆದರೆ ಅವರು ಎಲ್ಲಿಗೆ ಹೋಗಬೇಕು?" ಎಂದರು. ಮಗ ಹಿಂದೆ ಸರಿದರು.

ಮುಂದಿನ ವಾರ ಹಳೇ ಕಾರ್ಪೆಟ್‌ಗಳ ವ್ಯಾಪಾರದ ಅವರ ಗೆಳೆಯರೊಬ್ಬರು ಬಂದಿದ್ದರು. "ಇದು ಗೋಡೆಯದ್ದಲ್ಲ, ಬೌದ್ಧ ಮಠದ ಕಂಬಕ್ಕೆ ಸುತ್ತುವುದು. ಎರಡು ಅಂಚು ಕೂಡಿದರೆ ಡ್ರ್ಯಾಗನ್ ಇಡಿಯಾಗುತ್ತದೆ," ಎಂದರು.

ಅತಿಥಿಗಳು ಕೂರುವ ಮಜ್ಲಿಸ್‌ನಲ್ಲಿ ದಪ್ಪ ಕಂಬವೊಂದಿತ್ತು. ಅದಕ್ಕೇ ಸುತ್ತಿ, ಹಿಂದಿನಿಂದ ಬಿಗಿದು ಹೊಲಿಸಿದರು. ನಾನು ವ್ಹೀಲ್‌ಚೇರ್ ತಳ್ಳಿಕೊಂಡು ಹೋದೆ. ಅಜ್ಜಿ ಅಂಗೈಯನ್ನು ಡ್ರ್ಯಾಗನ್ನಿನ ಮೈಮೇಲಿಟ್ಟರು. ಕೈ ತೆಗೆಯದೆ, "ಯಲ್ಲಾ, ನಡಿ" ಎಂದರು. ಕಂಬದ ಸುತ್ತ ತಳ್ಳಿದೆ. ಅವರು ಕಡಿದ ಜಾಗಕ್ಕಾಗಿ ತಡಕುತ್ತಿದ್ದರು. ಸಿಗಲಿಲ್ಲ. ಇನ್ನೊಂದು ಸುತ್ತು ಬಂದಾಗ ಅವರ ಭುಜ ಅಲುಗುತ್ತಿತ್ತು. "ಯುಬಾ, ಯುಬಾ" ಎಂದು ಅಪ್ಪನನ್ನು ಕರೆದು ಅತ್ತರು.

ಆಮೇಲೆ ಮಗನಿಗೆ ಹೇಳಿದರು: "ಶುಕ್ರವಾರ ಅವರಿಗೆ ನಮಾಜ್ ಮಾಡು. ಖಲಾಸ್."

ಅವರ ಕಣ್ಣೊರೆಸಲು ನಾನು ಬಗ್ಗಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಿನ್ನವರೂ ಯಾರೋ ನೀರಿಗೆ ಹೋಗಿದ್ದಾರೆ, ಅಲ್ವಾ?"

ಆ ಮನೆಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಉಳ್ಳಾಲದಿಂದ ಮೀನು ಹಿಡಿಯಲು ಬೋಟಿನಲ್ಲಿ ಹೋದ ಅಣ್ಣ, ಬೋಟು ಮಗುಚಿ, ಸಿಕ್ಕಿರಲಿಲ್ಲ. ಉಳಿದವರೆಲ್ಲ ಸಿಕ್ಕಿದ್ದರು.

"ಅಣ್ಣ," ಎಂದೆ.

"ಅವನಿಗೂ ಸೇರಿಸಿ ನಮಾಜ್ ಮಾಡಿಸಲಾ?"

ಹೂಂ ಅನ್ನಲು ಬಾಯಿ ತೆರೆದೆ. ಆದರೆ, "ಈಗ ಬೇಡ, ಯುಮ್ಮಾ," ಎಂದೆ.

ಅವರು ಯಾಕೆ ಅಂತ ಕೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.